ಬಿಲ್ಲ ಬಂದ ಮ್ಯಾಲ

ಸಕ್ಕರೆ ಕಾರ್ಖಾನೆಯ ಪಾಳಿ ಬಿಟ್ಟ ಭೋಂಗಾ ಕೂಗಿ ಹತ್ತು ನಿಮಿಷ ಆಗುವುದರೊಳಗೆ ಕಿರಾಣಿ ಅಂಗಡಿಯ ಕಟ್ಟೆ ತುಂಬಿಬಿಡುತ್ತದೆ. 2025ರ ನವೆಂಬರಿನ ಕೊನೆ. ಕಬ್ಬಿನ ಹಂಗಾಮು ಸುರುವಾಗಿ ಕೆಲವು ವಾರವಾಗಿದೆ. ಕೃಷ್ಣೆಯ ದಂಡೆಯ ಗಡಿ ಊರು ಉಗಾರ ಖುರ್ದದ ಗಾಳಿಗೆ ಕಾಕಂಬಿಯ ವಾಸನೆ ಹತ್ತಿದೆ. ಹೊರಗಿನವರು ಮೂಗು ಮುಚ್ಚಿಕೊಳ್ಳುತ್ತಾರೆ. ಇಲ್ಲಿಯವರಿಗೆ ದೀಪಾವಳಿ ಕಳೆದರೂ ಆ ವಾಸನೆ ಬರದಿದ್ದರೆ ಚಿಂತೆ. ರಸ್ತೆಯ ಮೇಲೆ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳ ಸಾಲು. ಮುಂದಿನದ್ದರ ಡೆಕ್ಕಿನಲ್ಲಿ ಕನ್ನಡ ಜಾನಪದ, ಹಿಂದಿನದ್ದರಲ್ಲಿ ಮರಾಠಿ ಹಾಡು. ಎರಡೂ ಕೂಡಿ ಅಂಗಡಿಯ ಮುಂದೆ ಬಂದಾಗ ಯಾವ ಭಾಷೆಯೂ ಅಲ್ಲದ ಒಂದು ಢಂಢಂ ಉಳಿಯುತ್ತದೆ.

ಆ ಗದ್ದಲದೊಳಗೆ ಏಳೆಂಟು ವರ್ಷದ ಹುಡುಗನೊಬ್ಬ ಸ್ಟೀಲಿನ ವಾಟಿ ಮುಂದೆ ಚಾಚಿ ನಿಂತಿದ್ದಾನೆ.

'ಮಾಮಾ, ಹತ್ತ ರೂಪಾಯಿ ಎಣ್ಣಿ.'

ಅಂಗಡಿಯವರು ವಾಟಿಯನ್ನು ಕಾಟಾದ ಮೇಲಿಟ್ಟು ಸೊನ್ನೆ ಮಾಡಿ, ಡಬ್ಬಿಯೊಳಗಿನ ಉದ್ದ ಹಿಡಿಕೆಯ ಸೌಟು ಎತ್ತುತ್ತಾರೆ. ಎಣ್ಣೆ ಮೊದಲು ದಾರವಾಗಿ, ಆಮೇಲೆ ಹನಿಯಾಗಿ ಬೀಳುತ್ತದೆ. ಕೆಂಪು ಅಂಕಿ ನಲವತ್ತು, ಐವತ್ತೆಂಟು, ಅರವತ್ತೈದು. ಕೈ ನಿಲ್ಲುತ್ತದೆ. ಹುಡುಗ ಅಂಕಿಯ ಮೇಲಿನ ಕಣ್ಣು ತೆಗೆಯುವುದಿಲ್ಲ. ಅಂಗಡಿಯವರು ನಕ್ಕು ಸೌಟಿನ ತುದಿಯನ್ನು ಇನ್ನೊಮ್ಮೆ ಕುಟುಕುತ್ತಾರೆ. ಅರವತ್ತಾರು. ಹುಡುಗ ನೋಟು ಕೊಟ್ಟು, ವಾಟಿಯನ್ನು ಎರಡೂ ಕೈಯಲ್ಲಿ ಹಿಡಿದು, ಟ್ರ್ಯಾಕ್ಟರಿನ ಸಾಲಿನ ಅಂಚಿಗೆ ಹೆಜ್ಜೆಯ ಮೇಲೆ ಹೆಜ್ಜೆ ಇಟ್ಟು ಹೋಗುತ್ತಾನೆ. ಒಂದು ಹನಿ ಚೆಲ್ಲಿದರೂ ಮನೆಯಲ್ಲಿ ಲೆಕ್ಕವಿದೆ ಎಂಬುದು ಅವನ ನಡಿಗೆಯಲ್ಲೇ ಗೊತ್ತಾಗುತ್ತದೆ.

'ಇವನ ಅಜ್ಜಾ ಇದ್ನಲ್ರಿ, ಇದೇ ಕಟ್ಟಿ ಮ್ಯಾಲ ನಿಂತು ಹದಿನೈದು ಕಿಲೋ ಶೇಂಗಾ ಎಣ್ಣಿ ಡಬ್ಬಿ ಹೆಗಲ ಮ್ಯಾಲ ಹೊತ್ತೊಂಡು ಹೋಗ್ತಿದ್ದ. ವರ್ಷಕ್ಕ ಎರಡ ಸಲ,' ಅಂದರು ಅಂಗಡಿಯವರು. 'ಈಗ ಡಬ್ಬಿ ನನ್ನ ಹಂತೇಕ ಐತಿ. ಊರ ಮಂದಿ ಬಂದ ವಾಟಿಲೆ ತುಂಬ್ಕೊಂಡ ಹೊಕ್ಕಾರ.'

ಅವರು ಹೇಳಿದ್ದು ಎಣ್ಣೆಯ ಮಾತು. ನನಗೆ ಮಾತ್ರ ಇಡೀ ಊರಿನ ಸಂಸಾರದ ಲೆಕ್ಕವನ್ನೇ ಹೇಳಿದಂತೆ ಕೇಳಿಸಿತು. ತುಟ್ಟಿ ಕಾಲ ಎಂದರೆ ಜನ ಕೊಳ್ಳುವುದನ್ನೇ ಬಿಡುತ್ತಾರೆಂದು ನಾವು ತಿಳಿದಿರುತ್ತೇವೆ. ಉಗಾರ ಖುರ್ದದಲ್ಲಿ ಯಾರೂ ಏನನ್ನೂ ಪೂರ್ತಿ ಬಿಟ್ಟಿಲ್ಲ. ಅಳತೆ ಬದಲಾಗಿದೆ, ಅಷ್ಟೆ. ವರ್ಷಕ್ಕೆ ತರುತ್ತಿದ್ದುದು ತಿಂಗಳಿಗೆ ಬಂತು, ತಿಂಗಳದ್ದು ವಾರಕ್ಕೆ, ವಾರದ್ದು ಇವತ್ತಿನ ಒಗ್ಗರಣೆಗೆ. ದುಡ್ಡು ಮಾತ್ರ ಇನ್ನೂ ಹಳೆಯ ರೂಢಿಯಂತೆ, ವರ್ಷಕ್ಕೊಮ್ಮೆ, ಕಬ್ಬಿನ ಬಿಲ್ಲಿನ ಜೊತೆಗೇ ಬರುತ್ತದೆ.

*

ಕೃಷ್ಣೆಯ ಬಲಕ್ಕೆ ಕಬ್ಬು, ಎಡಕ್ಕೆ ಕಬ್ಬು. ಇಲ್ಲಿ ಸಕ್ಕರೆ ಕಾರ್ಖಾನೆ ಹುಟ್ಟಿದ್ದು 1939ರಲ್ಲಿ. ಆಮೇಲೆ ಊರು ಅದರ ಸುತ್ತಲೇ ಬೆಳೆಯಿತು: ಕಾಲನಿ, ಸಂತೆ, ಬಟ್ಟೆ ಅಂಗಡಿ, ಬಂಗಾರದ ಅಂಗಡಿ. ಮಗಳ ಮದುವೆ, ಮನೆಯ ಸ್ಲ್ಯಾಬು, ಬೋರ್‌ವೆಲ್ಲು, ಮಗನ ಕಾಲೇಜು, ಯಾವುದನ್ನು ಕೇಳಿದರೂ ಉತ್ತರ ಒಂದೇ: 'ಬಿಲ್ಲ ಬಂದ ಮ್ಯಾಲ ನೋಡೂಣು.' ಕಬ್ಬು ಕಾರ್ಖಾನೆಗೆ ಹೋದ ಹದಿನಾಲ್ಕು ದಿನದೊಳಗೆ ರೊಕ್ಕ ಕೊಡಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಹದಿನಾಲ್ಕು ದಿನದ ಮಾತು ರೈತರಿಗೆ ಬಾಯಿಪಾಠ. ಆದರೆ ಕಬ್ಬು ಕಡಿಯಲು ಟೋಳಿ ಯಾವತ್ತು ಬರುತ್ತದೆ ಎಂಬುದನ್ನು ಯಾವ ಆದೇಶವೂ ಹೇಳುವುದಿಲ್ಲ.

ಈ ಸಲ ಹಂಗಾಮಿನ ಬಾಗಿಲಲ್ಲೇ ಹೋರಾಟ ನಡೆಯಿತು. ಕಟಾವು, ಸಾಗಾಟ ಕಳೆದು ಟನ್ನಿಗೆ 3,500 ರೂಪಾಯಿ ಕೈಗೆ ಸಿಗಬೇಕೆಂದು ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ರೈತರು ರಸ್ತೆಯ ಮೇಲೇ ಅಡುಗೆ ಮಾಡಿ ಕುಳಿತರು. 2025ರ ನವೆಂಬರ್ 7ರಂದು ಸರ್ಕಾರ 3,300 ಎಂದಿತು, ಅದೂ 11.25 ಇಳುವರಿಯ ಕಬ್ಬಿಗೆ. ಕೇಂದ್ರದ ನ್ಯಾಯಬೆಲೆ 2025–26ರ ಹಂಗಾಮಿಗೆ ಕ್ವಿಂಟಲಿಗೆ 355; ಹತ್ತು ವರ್ಷದ ಹಿಂದೆ 230 ಇತ್ತು. ಏರಿದೆ, ಇಲ್ಲವೆನ್ನಲಾಗದು. ಆದರೆ ಅದೇ ಹತ್ತು ವರ್ಷದಲ್ಲಿ ಗೊಬ್ಬರ, ಕೂಲಿ, ಡೀಸೆಲ್ಲು ಎಲ್ಲಿಗೆ ಹೋದವೆಂದು ಯಾವ ರೈತನನ್ನಾದರೂ ಕೇಳಿ ನೋಡಿ, ಚಾ ಆರಿ ಹೋಗುವವರೆಗೆ ಹೇಳುತ್ತಾನೆ. ಕಾರ್ಖಾನೆಯವರದ್ದೂ ಒಂದು ಮಾತಿದೆ: ಸಕ್ಕರೆಯ ಕನಿಷ್ಠ ಮಾರಾಟ ದರ 2019ರ ಫೆಬ್ರುವರಿಯಲ್ಲಿ ಕಿಲೋಗೆ 31 ರೂಪಾಯಿ ಎಂದು ಗೊತ್ತಾದದ್ದು, ಈ ಹಂಗಾಮಿಗೂ ಅಲ್ಲೇ ಕೂತಿತ್ತು. ಅಂಗಡಿಯಲ್ಲಿ ನಲವತ್ತರ ಮೇಲೆ ಕೊಟ್ಟು ಸಕ್ಕರೆ ಒಯ್ಯುವ ಉಗಾರದ ಹೆಂಗಸಿಗೆ ಈ 31ರ ಕಥೆ ಹೇಳಲು ಹೋಗಬೇಡಿ.

*

ನಮ್ಮ ಕಾಕು ಇರುವುದು ಹೊಳೆಯ ಕಡೆಯ ಓಣಿಯಲ್ಲಿ. ಅವರ ನಡುಮನೆಯ ಅಟ್ಟದ ಮೇಲೆ ಆರು ಪತ್ರಾದ ಡಬ್ಬಿಗಳಿವೆ, ಒಂದೊಂದೂ ಕುಳಿತ ಮನುಷ್ಯನಷ್ಟು ಎತ್ತರ. ಜೋಳ, ಗೋದಿ, ಕಡ್ಲಿ, ತೊಗರಿ, ಶೇಂಗಾ, ಅಕ್ಕಿ. ನಾನು ಸಣ್ಣವನಿದ್ದಾಗ ಬೇಸಿಗೆ ರಜೆಗೆ ಬಂದರೆ ಕಾಕುಗೆ ಕೈಬಿಡುವು ಇರುತ್ತಿರಲಿಲ್ಲ. ಅಂಗಳದಲ್ಲಿ ಗೋದಿ ಒಣಗುತ್ತಿತ್ತು. ಬೇವಿನ ಎಲೆ ಸೇರಿಸಿ ಕಾಳು ತುಂಬುವ ಕೆಲಸ ವಾರಗಟ್ಟಲೆ ನಡೆಯುತ್ತಿತ್ತು.

ಈಗ ಅವುಗಳಲ್ಲಿ ಎರಡರಲ್ಲಷ್ಟೇ ಕಾಳಿದೆ. ಒಂದರಲ್ಲಿ ಹಳೆಯ ಕೌದಿಗಳು, ಇನ್ನೊಂದರಲ್ಲಿ ಮೊಮ್ಮಕ್ಕಳ ಶಾಲೆಯ ಪುಸ್ತಕ. ಯಾಕೆ ಕಾಕು ಅಂದರೆ ಅವರು ಬೆರಳು ಮಡಚಿ ಎಣಿಸಿದರು.

'ಒಂದು, ಹೊಲದಾಗ ಜೋಳ ಎಲ್ಲೈತೋ ತಮ್ಮಾ? ಬದುವಿಗೂ ಕಬ್ಬ ಹಚ್ಚೀವಿ. ನಮ್ಮ ಹೊಲಾ ಇದ್ರೂ ಜೋಳಾ ಸಂತ್ಯಾಗ ಕೊಂಡ ತಿನ್ನೂ ಹಂಗಾತು. ಎರಡು, ಹೊಳಿ. ಹತ್ತೊಂಬತ್ತರಾಗ ನೀರ ಬಂತಲ್ಲ, ಗೋದಿ ಡಬ್ಬ್ಯಾಗ ಮೊಳಕಿ ಒಡದಿತ್ತು. ತಗದ ತಿಪ್ಪಿಗಿ ಹಾಕೂಮುಂದ ನಿಮ್ಮ ಕಾಕಾ ಅತ್ತಿದ್ದ. ಅಳ್ಳಾರದ ಮನಶಾ.'

ಮೂರನೆಯ ಬೆರಳು ಮಡಚಲಿಲ್ಲ. ಅದನ್ನು ಸೊಸೆ, ನಮ್ಮ ವೈನಿ, ಒಲೆಯ ಕಡೆಯಿಂದಲೇ ಹೇಳಿದರು: 'ಒಮ್ಮೆಲೇ ಅಷ್ಟ ರೊಕ್ಕಾ ಎಲ್ಲಿಂದ ತರೂದ್ರಿ?'

2005, 2019, 2021 ಈ ಓಣಿಯವರಿಗೆ ಹೊಳೆಯ ವರ್ಷಗಳು. ನೆರೆಯ ನಷ್ಟ ಎಂದರೆ ಬಿದ್ದ ಗೋಡೆ, ಮುಳುಗಿದ ಬೆಳೆ ಎಂದು ಪಂಚನಾಮೆಯಲ್ಲಿ ಬರೆಯುತ್ತಾರೆ. ವರ್ಷದ ಕಾಳು ತುಂಬಿಡುವ ಧೈರ್ಯ ಕೊಚ್ಚಿಹೋದದ್ದಕ್ಕೆ ಪಂಚನಾಮೆಯಲ್ಲಿ ಕಾಲಮ್ಮಿಲ್ಲ.

ಜೋಳ ಕೊಳ್ಳುವಂತಾದ ಮೇಲೆ ರಾತ್ರಿಯ ಊಟ ಬದಲಾಯಿತು. ಮುಂಜಾನೆ, ಮಧ್ಯಾಹ್ನ ರೊಟ್ಟಿ, ರಾತ್ರಿ ಅನ್ನ. ರೇಷನ್ ಅಕ್ಕಿಗೆ ರೊಕ್ಕ ಕೊಡಬೇಕಿಲ್ಲ. ಅನ್ನಭಾಗ್ಯದಲ್ಲಿ ಹೆಚ್ಚುವರಿ ಐದು ಕಿಲೋ ಬದಲು ತಲೆಗೆ 170 ರೂಪಾಯಿ ಬರುತ್ತಿದ್ದುದು ನಿಂತು, 2025ರಲ್ಲಿ ಮತ್ತೆ ಅಕ್ಕಿಯೇ ಬರತೊಡಗಿತು. ಜೋಳದ ರೊಟ್ಟಿಯ ನಾಡಿನಲ್ಲಿ ಅನ್ನ ಹಬ್ಬದ ಊಟವಾಗಿದ್ದ ಕಾಲ ಕಾಕುಗೆ ಇನ್ನೂ ನೆನಪಿದೆ. 'ಆಗ ಬಡವರು ರೊಟ್ಟಿ ತಿಂತಿದ್ರು, ಈಗ ರೊಟ್ಟಿ ತಿನ್ನಾವ್ರು ಸಾವಕಾರ್ರು' ಎಂದು ಅವರು ನಗುತ್ತಾರೆ. ಶೇಂಗಾ ಹಿಂಡಿ ತಟ್ಟೆಯಲ್ಲಿ ಇನ್ನೂ ಇದೆ, ಆದರೆ ಅದಕ್ಕೆ ಪುಠಾಣಿ ಬೆರೆತಿದೆ. ನಾಲಿಗೆಗೆ ಗೊತ್ತಾಯಿತು. ಹೇಳಲಿಲ್ಲ.

ವೈನಿಯ ಅಡುಗೆಮನೆಯಲ್ಲಿ ಎರಡು ಉರಿಗಳಿವೆ. ಒಳಗೆ ಗ್ಯಾಸು, ಹಿತ್ತಲಲ್ಲಿ ಮಣ್ಣಿನ ಒಲೆ. ಚಾ, ಮಕ್ಕಳ ನಾಷ್ಟಾ, ಬಂದವರಿಗೆ ಒಗ್ಗರಣೆ ಅವಲಕ್ಕಿ, ಇವು ಗ್ಯಾಸಿನ ಪಾಲು. ಮೀಯುವ ನೀರು, ರೊಟ್ಟಿ, ಬೇಳೆ ಬೇಯುವುದು ಹಿತ್ತಲಲ್ಲಿ, ಕುಳ್ಳು ಮತ್ತು ಕಬ್ಬಿನ ರವದಿಯ ಮೇಲೆ. ಸಿಲಿಂಡರು 1,100 ದಾಟಿದ ದಿನಗಳಲ್ಲಿ ಮಾಡಿಕೊಂಡ ವ್ಯವಸ್ಥೆ ಇದು. 2023ರ ಆಗಸ್ಟಿನಲ್ಲಿ 200 ಇಳಿಯಿತು, ಮರುವರ್ಷ ಮಾರ್ಚಿನಲ್ಲಿ ಇನ್ನೂ 100. ಹಿತ್ತಲಿನ ಒಲೆ ಆರಲಿಲ್ಲ. 2025ರ ಏಪ್ರಿಲಿನಲ್ಲಿ 50 ಏರಿದಾಗ ವೈನಿ, 'ನೋಡ್ರಿ, ಆರಿಸಿದ್ರ ಮತ್ತ ಹಚ್ಚಬೇಕಾಕ್ಕಿತ್ತು' ಅಂದರಂತೆ. ಒಂದು ಸಿಲಿಂಡರು ಈಗ ಎಷ್ಟು ದಿನ ಬರುತ್ತದೆ ಎಂದು ಕೇಳಿದೆ. ಗೋಡೆಯ ಕ್ಯಾಲೆಂಡರಿಗೆ ಕೈ ತೋರಿಸಿದರು.

ಆ ಕ್ಯಾಲೆಂಡರಿನ ವಿಷಯ ಹೇಳಲೇಬೇಕು. ಪಂಚಾಂಗ, ಏಕಾದಶಿ, ಸಂಕಷ್ಟಿ ಎಲ್ಲ ಅಚ್ಚಾದ ಚೌಕಗಳಲ್ಲಿವೆ. ಅವುಗಳ ಮೇಲೆ ವೈನಿಯ ಬಾಲ್‌ಪೆನ್ನಿನ ಸಂಸಾರ. ಡೈರಿಗೆ ಹಾಕಿದ ಎಮ್ಮೆಯ ಹಾಲು ಮೇಲಿನ ಮೂಲೆಯಲ್ಲಿ, ಮನೆಗೆ ಇಟ್ಟುಕೊಂಡದ್ದು ಕೆಳಗಿನ ಮೂಲೆಯಲ್ಲಿ. ಸಿಲಿಂಡರು ಹಚ್ಚಿದ ದಿನಕ್ಕೆ 'ಗ್ಯಾ'. ಸಂಘದ ಕಂತಿಗೆ 'ಸಂ'. ಮೇಲಿನ ಮೂಲೆಯ ಅಂಕಿ ಜೂನಿನಿಂದ ಹಿಗ್ಗುತ್ತ ಬಂದಿದೆ, ಕೆಳಗಿನದು ಕುಗ್ಗುತ್ತ. ಎಮ್ಮೆ ಅದೇ, ಹಾಲೂ ಅಷ್ಟೇ. ಅಪ್ಪಟ ಹಾಲಿನ ಚಾ ಕುಡಿಯುತ್ತಿದ್ದ ಮನೆಯಲ್ಲಿ ಈಗ ಚಾದ ಬಣ್ಣ ಕೆಂಪಿಗೆ ತಿರುಗಿದೆ, ಕಪ್ಪೂ ಬದಲಾಗಿ ಸಣ್ಣ ಗಾಜಿನ ಗ್ಲಾಸು ಬಂದಿದೆ. ತಿಂಗಳ ಕೊನೆಯ ಖಾಲಿ ಚೌಕಗಳಲ್ಲಿ ಒಂದು ಯಾದಿ: ಮಿಕ್ಸರ್ ರಿಪೇರಿ, ಅತ್ತಿಯವರ ಚಸ್ಮಾ, ಬಾತ್‌ರೂಮಿನ ಬಾಗಿಲ, ಗಾದಿ.

*

ಖರ್ಚಿನ ಯಾದಿಯಲ್ಲಿ ತಲೆಕೆಳಗಾದದ್ದು ಏನೆಂದು ದಿಲ್ಲಿಯವರೂ ಲೆಕ್ಕ ಮಾಡಿದ್ದಾರೆ. ಕೇಂದ್ರದ ಮನೆಖರ್ಚಿನ ಸಮೀಕ್ಷೆಯಂತೆ, 2011–12ರಲ್ಲಿ ಹಳ್ಳಿಯ ಮನೆಯೊಂದು ನೂರು ರೂಪಾಯಿ ಖರ್ಚು ಮಾಡಿದರೆ ಅಕ್ಕಿ, ಗೋದಿ, ಜೋಳದಂಥ ಧಾನ್ಯಕ್ಕೆ 10.75 ಹೋಗುತ್ತಿತ್ತು, 2022–23ಕ್ಕೆ ಅದು 4.91. ತಯಾರಿ ತಿಂಡಿ, ಚಾ–ಪಾನೀಯಗಳಿಗೆ ಹೋಗುವುದು ಮಾತ್ರ 7.90ರಿಂದ 9.62ಕ್ಕೆ ಏರಿದೆ. ಅಕ್ಕಿ–ಗೋದಿಯ ಹೆಚ್ಚುಕಡಿಮೆ ಎರಡರಷ್ಟು ರೊಕ್ಕ ಈಗ ಪಾಕೀಟಿಗೆ. ಈ ಅಂಕಿ ಓದಿದಾಗ ನನಗೆ ನೆನಪಾದದ್ದು ಕಿರಾಣಿ ಅಂಗಡಿಯ ಬಾಗಿಲು. ಒಳಗೆ ಏನಿದೆ ಎಂದು ಕಾಣದಷ್ಟು ಪಾಕೀಟಿನ ಸರಗಳು. ಶಾಂಪೂ, ಕುರಕುರೆ, ಅರಿಷಿಣ, ಗರಮ್ ಮಸಾಲಾ, ಚಾಪುಡಿ, ಕೊಬ್ಬರಿ ಎಣ್ಣೆ, ಎಲ್ಲ ಒಂದು, ಎರಡು, ಐದು, ಹತ್ತರವು. ಮದುವೆ ಮನೆಯ ತೋರಣದಂತೆ ಗಾಳಿಗೆ ಆಡುತ್ತವೆ.

ಖುರ್ದ ಎಂದರೆ ಚಿಕ್ಕದು. ಪಕ್ಕದ ಉಗಾರ ಬುದ್ರುಕ ದೊಡ್ಡದು, ಇದು ಚಿಕ್ಕದು. ಕಾರ್ಖಾನೆ ಮತ್ತು ರೈಲು ಬಂದು ಆ ಲೆಕ್ಕ ತಿರುವುಮುರುವಾಗಿದೆ. ಮರಾಠಿಯಲ್ಲಿ ಚಿಲ್ಲರೆ ನಾಣ್ಯಕ್ಕೆ 'ಖುರ್ದಾ' ಎನ್ನುತ್ತಾರೆ. 2025ರ ಸೆಪ್ಟೆಂಬರ್ 22ಕ್ಕೆ ಜಿಎಸ್‌ಟಿ ಇಳಿದಾಗ ಊರು ತನ್ನ ಹೆಸರನ್ನು ನಿಜ ಮಾಡಿತು. ಸಾಬೂನು, ಶಾಂಪೂ, ಬಿಸ್ಕಿಟಿನ ತೆರಿಗೆ 18ರಿಂದ 5ಕ್ಕೆ ಬಂತು. ಐದು ರೂಪಾಯಿಯ ಬಿಸ್ಕಿಟ್ ನಾಲ್ಕೂವರೆಯ ಆಸುಪಾಸಿಗೆ, ಒಂದು ರೂಪಾಯಿಯ ಚಾಕಲೇಟ್ 88 ಪೈಸೆಗೆ ಇಳಿಯಿತೆಂದು ಸುದ್ದಿ. ಒಳ್ಳೆಯದೇ. ಆದರೆ ಆ ಪೈಸೆ ಎಲ್ಲಿಂದ ತರುವುದು? ನಾಲ್ಕಾಣೆಯನ್ನು ಸರ್ಕಾರವೇ 2011ರಲ್ಲಿ ನಿಲ್ಲಿಸಿತು. ಎಂಟಾಣೆ ಕಾನೂನಿನ ಪ್ರಕಾರ ಇನ್ನೂ ನಡೆಯುತ್ತದೆ, ಅಂಗಡಿಯಲ್ಲಿ ನಡೆಯುವುದಿಲ್ಲ. ನಮ್ಮ ಅಂಗಡಿಯವರು ಹುಡುಗರಿಗೆ ಎರಡು ಬಿಸ್ಕಿಟ್ ಒಯ್ಯಿರಿ, ಒಂಬತ್ತು ಕೊಡಿ ಅನ್ನತೊಡಗಿದರು. ಒಂದೇ ಒಯ್ಯುವವನು ಐದೇ ಕೊಟ್ಟ. ಕೆಲವು ವಾರಕ್ಕೆ ಐದರ ಪುಡಿಕೆ ಮತ್ತೆ ಬಂತು, ತೂಕ ಒಂದಿಷ್ಟು ಕೂಡಿತ್ತು. ಮಕ್ಕಳು ಬಿಸ್ಕಿಟ್ ಎಣಿಸಿದರು. ದೊಡ್ಡವರು ಎಣಿಸಲಿಲ್ಲ, ಯಾಕೆಂದರೆ ಅದೇ ಪುಡಿಕೆ ಇಷ್ಟು ವರ್ಷ ಬೆಲೆ ಏರಿಸದೆ ತೆಳ್ಳಗಾಗುತ್ತ ಬಂದಾಗಲೂ ಅವರು ಎಣಿಸಿರಲಿಲ್ಲ.

ಅದೇ ವರ್ಷದ ಅಕ್ಟೋಬರಿನಲ್ಲಿ ದೇಶದ ಚಿಲ್ಲರೆ ಹಣದುಬ್ಬರ ಶೇ 0.25 ಇತ್ತೆಂದು ಪತ್ರಿಕೆಯಲ್ಲಿ ಬಂತು. ಎರಡು ವರ್ಷದ ಹಿಂದೆ, 2023ರ ಜುಲೈಯಲ್ಲಿ, ಟೊಮ್ಯಾಟೊ ನೂರು ದಾಟಿದ ಆ ತಿಂಗಳು, ಅದು 7.44 ಇತ್ತು. ಕಟ್ಟೆಯ ಮೇಲೆ ಪತ್ರಿಕೆ ಓದುತ್ತಿದ್ದ ನಿವೃತ್ತ ಮಾಸ್ತರರು ಜೋರಾಗಿ ಓದಿ, 'ತುಟ್ಟಿ ನಿಂತೈತಂತ' ಅಂದರು. ಎಣ್ಣೆ ತೂಗುತ್ತಿದ್ದವರು ಕೈ ನಿಲ್ಲಿಸದೆ ಕೇಳಿದರು: 'ನಿಂತೈತಿ ಸರಿ ಮಾಸ್ತರ. ಎಷ್ಟನೇ ಮಾಳಗಿ ಮ್ಯಾಲ ನಿಂತೈತಿ?' ಅರ್ಥಶಾಸ್ತ್ರದ ಪಾಠವನ್ನು ಇದಕ್ಕಿಂತ ಚಿಕ್ಕದಾಗಿ ಹೇಳಿದವರನ್ನು ನಾನು ಕಂಡಿಲ್ಲ.

*

ಉಗಾರ, ಶೇಡಬಾಳ, ವಿಜಯನಗರ, ಮಿರಜ. ಮುಂಜಾನೆಯ ಗಾಡಿಯಲ್ಲಿ ವೈನಿಯ ಜೊತೆ ಓಣಿಯ ಇನ್ನೂ ಮೂವರು ಹೆಂಗಸರು. ಹಿಂದೆ ಮಿರಜಕ್ಕೆ ಹೋಗುವುದು ದವಾಖಾನೆಗೆ. ವಾನ್ಲೆಸ್ ಆಸ್ಪತ್ರೆಯ ಕಾಲದಿಂದ ಈ ಕಡೆಯ ಜನಕ್ಕೆ ಜ್ವರ ಜೋರಾದರೆ ಮಿರಜವೇ ದಿಕ್ಕು. ಈಗ ಲಕ್ಷ್ಮೀ ಮಾರ್ಕೆಟ್ಟಿನ ಕಡೆಗೂ ಹೋಗುತ್ತಾರೆ. ಕೋವಿಡ್ಡಿನ ನಂತರ ಪ್ಯಾಸೆಂಜರ್ ಗಾಡಿಗೂ ಎಕ್ಸ್‌ಪ್ರೆಸ್ಸಿನ ದರ ಹಚ್ಚಿ, ಕನಿಷ್ಠ ಹತ್ತು ರೂಪಾಯಿಯ ಟಿಕೇಟು ಮೂವತ್ತು ಆಗಿತ್ತು. ಆಗ ಈ ಪಯಣ ಯಾರಿಗೂ ಗಿಟ್ಟುತ್ತಿರಲಿಲ್ಲ. 2024ರ ಫೆಬ್ರುವರಿಯ ಕೊನೆಗೆ ಹತ್ತು ಮರಳಿ ಬಂತು, ಹೆಂಗಸರೂ ಮರಳಿದರು.

ರಾಜ್ಯದೊಳಗಿನ ಓಡಾಟದ ಲೆಕ್ಕ ಇನ್ನೊಂದು ಬಗೆ. 2023ರ ಜೂನ್ 11ರಿಂದ ಹೆಂಗಸರಿಗೆ ಬಸ್ಸು ಪುಕ್ಕಟೆ. 2025ರ ಜನವರಿಯಲ್ಲಿ ಗಂಡಸರ ಟಿಕೇಟು ಶೇ 15 ಏರಿತು. ಆದ್ದರಿಂದ ಅಥಣಿಯ ಕಚೇರಿಗೆ ಕಾಗದ ಕೊಡುವುದು, ಕಾಗವಾಡದಲ್ಲಿ ಬೀಜ ವಿಚಾರಿಸುವುದು, ಬೀಗರ ಮನೆಗೆ ಮಾತು ಮುಟ್ಟಿಸುವುದು ಎಲ್ಲ ವೈನಿಯ ಪಾಲಿಗೆ ಬಂದಿದೆ. ಅವರ ಗಂಡ, ನಮ್ಮ ಅಣ್ಣ, ಮನೆಯಲ್ಲಿ ಎಮ್ಮೆಗೆ ನೀರು ಕುಡಿಸುತ್ತಾನೆ. ತುಟ್ಟಿ ಕಾಲ ಯಾರನ್ನು ಎಲ್ಲಿಗೆ ಕಳಿಸುತ್ತದೆ ಹೇಳಲಾಗದು. ಗಡಿಯಾಚೆ ಮಹಾರಾಷ್ಟ್ರದ ಎಸ್‌ಟಿ ಬಸ್ಸಿನಲ್ಲಿ ಹೆಂಗಸರಿಗೆ ಅರ್ಧ ಟಿಕೇಟು. ಸಾಂಗ್ಲಿಗೆ ಕೊಟ್ಟ ಮಗಳು ತವರಿಗೆ ಬರುವಾಗ ಅರ್ಧ, ಗಡಿ ದಾಟಿ ನಮ್ಮ ಬಸ್ಸು ಹತ್ತಿದ ಮೇಲೆ ಆಧಾರ್ ಕಾರ್ಡಿನ ವಿಳಾಸ ನೋಡಿ ಪೂರ್ತಿ. ವಿಳಾಸ ಬದಲಾಗದ ಹೆಣ್ಣುಮಕ್ಕಳ ನಸೀಬು ಬೇರೆ.

ನಾಲ್ವರು ಹೋದದ್ದು ಒಂದು ಡಬ್ಬಿ ಎಣ್ಣೆಗೆ. ಹದಿನೈದು ಕಿಲೋ. ಬಿಡಿಯಾಗಿ ಕೊಂಡರೆ ಹತ್ತತ್ತು ರೂಪಾಯಿಗೆ ಸೋರಿ ಹೋಗುವ ಎಣ್ಣೆ, ಡಬ್ಬಿಯಾಗಿ ಕೊಂಡರೆ ಕಿಲೋಗೆ ಏಳೆಂಟು ರೂಪಾಯಿ ಉಳಿಯುತ್ತದೆ ಎಂಬ ಲೆಕ್ಕವನ್ನು ಮೊದಲು ಕಂಡುಹಿಡಿದವರು ವೈನಿಯಂತೆ. ಅದರ ಬಗ್ಗೆ ಓಣಿಯಲ್ಲಿ ಬೇರೆ ಹಕ್ಕುದಾರರೂ ಇದ್ದಾರೆ. 2024ರ ಸೆಪ್ಟೆಂಬರಿನಲ್ಲಿ ಖಾದ್ಯತೈಲದ ಆಮದು ಸುಂಕ ಏರಿದ ತಿಂಗಳಿನಿಂದ ಈ ರೂಢಿ. 2025ರ ಮೇ ಕೊನೆಗೆ ಕಚ್ಚಾ ಎಣ್ಣೆಯ ಸುಂಕ ಇಳಿಸಿದರು, ರೂಢಿ ಉಳಿಯಿತು.

ಮಧ್ಯಾಹ್ನ ಡಬ್ಬಿ ಪಡಸಾಲೆಗೆ ಬಂತು. ಕಾಕು ಚಾಪೆ ಹಾಸಿ, ಅದರ ಮೇಲೆ ದೊಡ್ಡ ಪರಾತ ಇಟ್ಟರು, ಚೆಲ್ಲಿದ್ದು ಅದರೊಳಗೇ ಬೀಳಲೆಂದು. ಅಣ್ಣ ಸ್ಕ್ರೂಡ್ರೈವರಿನಿಂದ ಡಬ್ಬಿಯ ಮೂಲೆಗೆ ಎರಡು ತೂತು ಹೊಡೆದ, ಒಂದು ಎಣ್ಣೆಗೆ, ಒಂದು ಗಾಳಿಗೆ. ನಾಲ್ಕು ಮನೆಯ ನಾಲ್ಕು ಪ್ಲಾಸ್ಟಿಕ್ ಕ್ಯಾನುಗಳು ಸಾಲಾಗಿ ನಿಂತವು. ಕಾಟಾ ಇರಲಿಲ್ಲ. ಒಂದು ತಾಮ್ರದ ಚೆಂಬು, ಅದರ ಕಂಠದ ಗೆರೆಯವರೆಗೆ. ಮೊದಲ ಕ್ಯಾನಿಗೊಂದು, ಎರಡನೆಯದಕ್ಕೊಂದು, ಹೀಗೆ ಸುತ್ತು ಹಾಕುತ್ತ. ಒಂದು ಮನೆಗೆ ನಾಲ್ಕು ಚೆಂಬು ತುಂಬಿಸಿ ಇನ್ನೊಂದಕ್ಕೆ ತಿರುಗಿದರೆ ಕೊನೆಯವರಿಗೆ ಮನಸ್ಸಿನಲ್ಲಿ ಕಡಿಮೆಯಾದಂತೆ ಅನ್ನಿಸುತ್ತದಂತೆ. ಯಾರೂ ಮಾತಾಡುತ್ತಿರಲಿಲ್ಲ. ನಾಲ್ಕು ಜೊತೆ ಕಣ್ಣು ಚೆಂಬಿನ ಗೆರೆಯ ಮೇಲೆ. ಕೊನೆಗೆ ಅರ್ಧ ಚೆಂಬು ಉಳಿಯಿತು. ನಾಲ್ಕನೆಯ ಮನೆಯವರಿಗೆ ಈ ತಿಂಗಳು ಕೈ ಬಿಗಿ, ಮೂರು ಚೆಂಬಿನದ್ದಷ್ಟೇ ರೊಕ್ಕ ಕೊಟ್ಟಿದ್ದರು. ಕಾಕು ಯಾರನ್ನೂ ಕೇಳದೆ ಉಳಿದ ಅರ್ಧವನ್ನು ಅವರ ಕ್ಯಾನಿಗೆ ಸುರಿದು, 'ಡಬ್ಬಿ ತಳಾ ಯಾರದೂ ಅಲ್ಲ' ಅಂದರು. ಉಳಿದಿಬ್ಬರು ಹೌದೆಂದರು, ಸ್ವಲ್ಪ ತಡವಾಗಿ.

ಖಾಲಿ ಡಬ್ಬಿಯೂ ಖಾಲಿಯಲ್ಲ. ಅದನ್ನು ಪರಾತದ ಮೇಲೆ ಬೋರಲು ಹಾಕಿ ಸಂಜೆಯವರೆಗೆ ಬಿಟ್ಟರು. ರಾತ್ರಿಯ ಒಗ್ಗರಣೆಗೆ ಸಾಕಾಯಿತು.

*

ಸಂತೆಗೆ ಹೋಗುವ ಹೊತ್ತೂ ಬದಲಾಗಿದೆ. ಮೊದಲು ಬಿಸಿಲೇರುವುದರೊಳಗೆ ಹೋಗಿ ಆರಿಸಿ ತರುವುದು ಜಾಣ ಹೆಣ್ಣಿನ ಲಕ್ಷಣ. ಈಗ ದೀಪ ಹಚ್ಚುವ ಹೊತ್ತಿಗೆ ಜನ ಜಾಸ್ತಿ. ಮಾರುವವರು ಊರಿಗೆ ಹೊರಡುವ ಅವಸರದಲ್ಲಿ ಟೊಮ್ಯಾಟೊ, ಬದನಿಕಾಯಿ ಗುಂಪಿ ಹಾಕಿ ಹತ್ತಕ್ಕೆ ಕೂಗುತ್ತಾರೆ. ಗುಂಪಿಯೊಳಗೆ ಎರಡು ಕೊಳೆತಿದ್ದರೂ ಲಾಭವೇ. ಅದೇ ಹೊತ್ತಿಗೆ ಬೀಡ ಕಡೆಯಿಂದ ಬಂದ ಕಬ್ಬು ಕಡಿಯುವ ಟೋಳಿಯವರೂ ಇಳಿಯುತ್ತಾರೆ, ಎತ್ತಿನ ಗಾಡಿ ಬದಿಗೆ ನಿಲ್ಲಿಸಿ. ಅವರ ಇಡೀ ಹಂಗಾಮಿನ ಕೂಲಿ ಉಚಲ್ ಎಂದು ಮೊದಲೇ ತೆಗೆದುಕೊಂಡಾಗಿದೆ, ಅದು ಮನೆ ಕಡೆ ಖರ್ಚೂ ಆಗಿದೆ. ಕೊಳ್ಳುವ ಖಾರ, ಉಪ್ಪು, ಒಣ ಮೀನು ಎಲ್ಲ ಆ ದಿನಕ್ಕೆ ಮಾತ್ರ. ಬಿಲ್ಲು ಬರುವುದಕ್ಕೆ ಮೊದಲು ಉಣ್ಣುವ ರೈತ, ಉಚಲ್ ಮುಗಿದ ಮೇಲೆ ದುಡಿಯುವ ಟೋಳಿಯವ ಒಂದೇ ಗುಂಪಿಯ ಬದನಿಕಾಯಿಗೆ ಕೈ ಹಾಕುತ್ತಾರೆ.

ಬಂಗಾರದ ಅಂಗಡಿಗಳಲ್ಲಿ ದೀಪ ಮಾತ್ರ ಜೋರಾಗಿ ಉರಿಯುತ್ತದೆ. 2019ರಲ್ಲಿ ತೊಲಿಗೆ ಮೂವತ್ತೈದು ಸಾವಿರದ ಆಸುಪಾಸು ಇದ್ದ ಬಂಗಾರ 2025ರ ಏಪ್ರಿಲಿನಲ್ಲಿ ಲಕ್ಷ ದಾಟಿತು, ಅಲ್ಲಿಯೂ ನಿಲ್ಲಲಿಲ್ಲ. ಮದುವೆಯ ಮಾತುಕತೆಯಲ್ಲಿ 'ಐದು ತೊಲಿ' ಎನ್ನುವಲ್ಲಿ ಈಗ 'ಎರಡ ತೊಲಿ, ಮ್ಯಾಲಿಂದು ಒಂದ ಗ್ರ್ಯಾಮಿಂದು' ಎಂದು ಬಾಯಿಬಿಟ್ಟು ಹೇಳುತ್ತಾರೆ, ಮೊದಲಿನ ನಾಚಿಕೆ ಇಲ್ಲ. ಇದ್ದ ಬಂಗಾರಕ್ಕೆ ಸಾಲ ಜಾಸ್ತಿ ಸಿಗುತ್ತದೆ ಎಂಬ ಸುಖವೂ ಉಂಟು. ನಮ್ಮ ಕಾಕುವಿನ ಪಾಟ್ಲಿ ಬೀಜ–ಗೊಬ್ಬರದ ಹೊತ್ತಿಗೆ ಬ್ಯಾಂಕಿಗೆ ಹೋಗಿ, ಬಿಲ್ಲಿಗೆ ಬಿಡಿಸಿಕೊಂಡು ಬರುತ್ತವೆ. 'ನನ್ನ ಕೈಗಿಂತಾ ಅಲ್ಲೇ ಜಾಸ್ತಿ ದಿನಾ ಇರ್ತಾವು' ಎನ್ನುತ್ತ ಕಾಕು ಬರಿಗೈಯ ಮೇಲಿನ ಮಾಸಿದ ಗೆರೆ ತೋರಿಸುತ್ತಾರೆ.

ಸಂಘದ ಕಂತಿನ ದಿನ ಪಡಸಾಲೆಯಲ್ಲಿ ಹನ್ನೆರಡು ಹೆಂಗಸರು ಕೂರುತ್ತಾರೆ. ಇದು ಅವರವರೇ ನಡೆಸುವ ಸಂಘ, ಮಾತು ಮೆತ್ತಗೆ. ಮನೆ ಬಾಗಿಲಿಗೆ ಬಂದು ವಾರದ ಹಫ್ತಾ ಕೇಳುವ ಸಾಲದ ಕಥೆ ಬೇರೆ. ಅಂಥ ಕಿರುಕುಳ ತಡೆಯಲು 2025ರ ಫೆಬ್ರುವರಿಯಲ್ಲಿ ರಾಜ್ಯ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಗೃಹಲಕ್ಷ್ಮಿಯ ಎರಡು ಸಾವಿರ ಒಮ್ಮೊಮ್ಮೆ ತಿಂಗಳಿಗೆ, ಒಮ್ಮೊಮ್ಮೆ ಎರಡು ಕೂಡಿ ಬರುತ್ತದೆ. ವೈನಿ ಅದನ್ನು ಖರ್ಚು ಮಾಡುವ ರೀತಿ ಕ್ಯಾಲೆಂಡರಿನಲ್ಲೇ ಇದೆ: ಗ್ಯಾ, ಸಂ, ಮಗಳ ಟ್ಯೂಷನ್. ತಮಗೆಂದು ಏನಾದರೂ ಕೊಂಡಿದ್ದಾರೆಯೇ ಎಂದು ಕೇಳಿದೆ. ಬಹಳ ಹೊತ್ತು ಯೋಚಿಸಿ, 'ಮೊಬೈಲ್ ರಿಚಾರ್ಜ್' ಅಂದರು. ಅಂಗಡಿಯವರ ರೊಕ್ಕ ಕೂಗುವ ಡಬ್ಬಿ 'ಹತ್ತು ರೂಪಾಯಿ ಸ್ವೀಕರಿಸಲಾಗಿದೆ' ಅನ್ನುವುದೂ ಆ ರಿಚಾರ್ಜಿನ ಮೇಲೆಯೇ. ಆ ಡಬ್ಬಿಯ ಪಕ್ಕದಲ್ಲಿ ಉದ್ರಿಯ ವಹಿ ಇನ್ನೂ ಇದೆ, ಕೆಂಪು ಬಟ್ಟೆಯ ರಟ್ಟು, ಹಿಂದಿಗಿಂತ ದಪ್ಪ. ಡಬ್ಬಿ ಬಂದ ರೊಕ್ಕವನ್ನಷ್ಟೇ ಕೂಗುತ್ತದೆ. ವಹಿ ಬಾಯಿ ಬಿಡುವುದಿಲ್ಲ, ಅದಕ್ಕೇ ಜನ ಅದನ್ನು ನಂಬುತ್ತಾರೆ.

ನಾನು ಹೊರಡುವ ಹಿಂದಿನ ರಾತ್ರಿ ತಿಂಗಳ ಕೊನೆ. ಕಾರ್ಖಾನೆಯ ಚಿಮಣಿಯ ಹೊಗೆ ಬೆಳದಿಂಗಳಲ್ಲಿ ಹೊಳೆಯ ಕಡೆ ವಾಲಿತ್ತು. ನಮ್ಮ ಹೊಲಕ್ಕೆ ಟೋಳಿ ಜನವರಿಯ ಎರಡನೇ ವಾರಕ್ಕೆ ಬರುತ್ತದೆಂದು ಕಾರ್ಖಾನೆಯ ಸ್ಲಿಪ್ ಬಾಯ್ ಹೇಳಿ ಹೋಗಿದ್ದ. ವೈನಿ ಊಟದ ಪಾತ್ರೆ ತಿಕ್ಕಿಟ್ಟು ಬಂದು ಕ್ಯಾಲೆಂಡರಿನ ಹಾಳೆ ತಿರುವಿದರು. ಡಿಸೆಂಬರಿನ ಚೌಕಗಳು ಇನ್ನೂ ಬಿಳಿಯಾಗಿದ್ದವು. ಹಳೆಯ ಹಾಳೆಯನ್ನು ಬೆರಳಿನಿಂದ ಎತ್ತಿ ಹಿಡಿದು ಯಾದಿ ಇಳಿಸಿಕೊಳ್ಳತೊಡಗಿದರು. ಮಿಕ್ಸರ್ ರಿಪೇರಿ. ಬಾಗಿಲ. ಗಾದಿ ಬರೆಯಲಿಲ್ಲ.

'ಚಸ್ಮಾ?' ಎಂದು ಕೇಳಿದೆ.

ಹಾಸಿಗೆಯ ಮೇಲಿಂದ ಕಾಕು ಅಂದರು: 'ಬರಿ ಯವ್ವಾ, ಆದರ ಜಾನೇವಾರಿ ಹಾಳ್ಯಾಗ ಬರಿ.'

ವೈನಿ ಇನ್ನೊಂದು ಹಾಳೆ ತಿರುವಲು ಹೋದರು. ಆ ಕ್ಯಾಲೆಂಡರಿಗೆ ಡಿಸೆಂಬರಿನ ಕೆಳಗೆ ಹಾಳೆ ಇರಲಿಲ್ಲ.